ಡ್ರಿಪ್ ಪೈಪಿನ ತುಂಡಿನಲ್ಲಿ ಸೋಪಿನ ಗುಳ್ಳೆ

ಅಡಿಕೆ ತೋಟಕ್ಕೆ ಡ್ರಿಪ್, ಅಂದರೆ ಹನಿ ನೀರಾವರಿ, ಹಾಕಿ ಮುಗಿಸಿದರೆ ಒಂದು ಚೀಲದಷ್ಟಾದರೂ ಪೈಪಿನ ತುಂಡು ಉಳಿದೇ ಉಳಿಯುತ್ತದೆ. ಗೇಣುದ್ದ, ಮೊಳದುದ್ದ. ಯಾವ ಸಾಲಿಗೂ ಸಾಲದವು. ಗುಜರಿಗೆ ಹಾಕಿದರೆ ಬರುವ ದುಡ್ಡು ಬೈಕಿನ ಪೆಟ್ರೋಲಿಗೂ ಆಗಲ್ಲ. ನಾನಿರುವುದು ಚಿತ್ರದುರ್ಗದಲ್ಲಿ, ಕೆಲಸ ಹೆಚ್ಚಾಗಿ ಹೊಳಲ್ಕೆರೆ, ಚನ್ನಗಿರಿ ಕಡೆ. ಈಗ ಆ ತುಂಡುಗಳನ್ನು ಮನೆಗೇ ತರುತ್ತೇನೆ, ಮಕ್ಕಳಿಗೆ ಗುಳ್ಳೆ ಊದುವ ಆಟಿಕೆ ಮಾಡಿಕೊಡುತ್ತೇನೆ. ಹೇಗೆ ಅಂತ ಕೇಳಿದವರು ಜಾಸ್ತಿ ಆಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಐಡಿಯಾ ಕೊಟ್ಟಿದ್ದು ಎಂಡ್ ಕ್ಯಾಪ್. ಡ್ರಿಪ್ ನೋಡಿದವರಿಗೆ ಗೊತ್ತು, ಗಿಡದ ಸಾಲಿನುದ್ದಕ್ಕೂ ಎಳೆಯುವ ಸಣ್ಣ ಪೈಪು, ಅಂದರೆ ಲ್ಯಾಟರಲ್, ಅದರ ತುದಿ ಮಡಚಿ ಸಿಕ್ಕಿಸೋಕೆ 8ರ ಆಕಾರದ ಕಪ್ಪು ಪ್ಲಾಸ್ಟಿಕ್ ತುಂಡು ಇರುತ್ತದಲ್ಲ, ಅದನ್ನೇ ಒಂದು ತೋಟದ ಮನೆ ಹುಡುಗ ಪಾತ್ರೆ ತೊಳೆದ ನೀರಿಗೆ ಅದ್ದಿ ಊದುತ್ತಿದ್ದ. ಎರಡು ಬಳೆಯಿಂದಲೂ ಒಟ್ಟಿಗೆ ಗುಳ್ಳೆ. ನಾವು ಚಿಕ್ಕವರಿದ್ದಾಗ ಪರಂಗಿ ಎಲೆಯ ತೊಟ್ಟಿನಲ್ಲಿ ಊದುತ್ತಿದ್ದೆವು. ಕಾಡು ಹರಳಿನ ರಸದಲ್ಲೂ ಗುಳ್ಳೆ ಬರುತ್ತದೆ, ಆದರೆ ಆ ಗಿಡದ ಬೀಜ ವಿಷ, ಹಾಗಾಗಿ ಅದನ್ನು ಈಗ ಯಾವ ಮಗುವಿಗೂ ಹೇಳಿಕೊಡಲ್ಲ.

ಜಾತ್ರೆಯಲ್ಲಿ ಸಿಗುವ ಡಬ್ಬಿ ಇದೆಯಲ್ಲ ಅನ್ನಬಹುದು. ಇದೆ. ಆದರೆ ಮಗು ಎರಡು ಸಲ ಊದುವಷ್ಟರಲ್ಲಿ ಡಬ್ಬಿ ಉರುಳಿ ನೀರೆಲ್ಲ ನೆಲದ ಮೇಲೆ. ಇನ್ನೂ ಚಿಕ್ಕ ಮಕ್ಕಳಾದರೆ ಊದುವ ಬದಲು ಹೀರುತ್ತವೆ. ಕೊಳವೆ ಕೈಗೆ ಕೊಟ್ಟರೆ ಅವಕ್ಕೆ ಎಳನೀರಿನ ಸ್ಟ್ರಾ ಒಂದೇ ನೆನಪಾಗುವುದು! ಹಾಗಾಗಿ ಗುಳ್ಳೆ ದೊಡ್ಡದು ಮಾಡೋದಕ್ಕಿಂತ ಮೊದಲು ನಾನು ತಲೆ ಕೆಡಿಸಿಕೊಂಡಿದ್ದು ಈ ಎರಡಕ್ಕೆ, ಸೋಪು ನೀರು ಚೆಲ್ಲಬಾರದು, ಬಾಯಿಗೆ ಹೋಗಬಾರದು.

ಮೊದಲು ನೀರಿನ ವಿಷಯ. ನಮ್ಮ ಕಡೆ ಬೋರ್‌ವೆಲ್ ನೀರು ಎಂಥದ್ದು ಅಂತ ಹೇಳಬೇಕಿಲ್ಲ, ಕಾಯಿಸಿದ ಪಾತ್ರೆಯ ತಳ ನೋಡಿದರೆ ಸಾಕು. ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಹನಿ ಬಿಡುವ ಡ್ರಿಪ್ಪರ್ ಕಟ್ಟಿಕೊಳ್ಳೋದೂ ಬಹಳ ಕಡೆ ಈ ಉಪ್ಪುಗಳಿಂದಲೇ, ಅದಕ್ಕೇ ರೈತರು ಆಗಾಗ ಲೈನಿಗೆ ಆಸಿಡ್ ಬಿಡುತ್ತಾರೆ. ಮೈಸೋಪನ್ನು ಈ ನೀರಿಗೆ ತುರಿದು ಹಾಕಿದರೆ ಉಪ್ಪು ಸೋಪನ್ನು ಹಿಡಿದುಕೊಂಡು ಬಿಳಿ ಗಸಿಯಾಗಿ ತೇಲುತ್ತದೆ. ಗುಳ್ಳೆಗೆ ಸೋಪೇ ಉಳಿಯಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಬೇರೆ ಜಾತಿಯದು, ಗಡಸು ನೀರಿಗೆ ಅಷ್ಟಾಗಿ ಬಗ್ಗಲ್ಲ. ಆದರೂ ನಾನು ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನೇ ಬಳಸುತ್ತೇನೆ. ಮಳೆ ನೀರು ಹಿಡಿದಿಟ್ಟಿದ್ದರೆ ಇನ್ನೂ ಒಳ್ಳೇದು.

ಅಳತೆ ಹೀಗೆ: ಅರ್ಧ ಲೀಟರ್ ನೀರಿಗೆ ಸುಮಾರು 80 ಮಿ.ಲೀ. ಲಿಕ್ವಿಡ್, ಎರಡು ದೊಡ್ಡ ಚಮಚ ಗ್ಲಿಸರಿನ್. ಗ್ಲಿಸರಿನ್ ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಅದು ನೀರನ್ನು ಹಿಡಿದಿಡುತ್ತದೆ, ಗುಳ್ಳೆಯ ತೆಳು ಪರೆ ಬೇಗ ಒಣಗಲ್ಲ. ಸಕ್ಕರೆ ಪಾಕವೂ ನಡೆಯುತ್ತದೆ, ಆದರೆ ಕೈ ಅಂಟು, ಆಮೇಲೆ ಇರುವೆ. ದೊಡ್ಡ ಗುಳ್ಳೆ ಬೇಕು ಅನ್ನುವವರು ಕಾಲು ಟೀ ಚಮಚ ಗ್ವಾರ್ ಗಮ್ ಸೇರಿಸಿ. ಅದು ನಮ್ಮ ಚವಳಿಕಾಯಿ ಬೀಜದ ಅಂಟೇ, ಬೇಕರಿ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ, ನಾನು ದಾವಣಗೆರೆಗೆ ಹೋದಾಗ ತರುತ್ತೇನೆ. ನೇರವಾಗಿ ನೀರಿಗೆ ಹಾಕಿದರೆ ಗಂಟಾಗುತ್ತದೆ, ಮೊದಲು ಗ್ಲಿಸರಿನ್‌ನಲ್ಲಿ ಕದಡಿ ಆಮೇಲೆ ನೀರಿಗೆ ಬಿಡಬೇಕು. ಅದರ ಉದ್ದುದ್ದ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುವುದರಿಂದ ಪರೆ ಎಳೆದಷ್ಟೂ ಬರುತ್ತದೆ. ಕಲಸಿದ್ದನ್ನು ರಾತ್ರಿಯಿಡೀ ಹಾಗೇ ಬಿಡಿ, ಮೇಲಿನ ನೊರೆ ತೆಗೆದುಬಿಡಿ. ನೊರೆ ಇದ್ದರೆ ಒಳ್ಳೇದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಊದುವಾಗ ಅದೇ ಅಡ್ಡ ಬರುವುದು.

ಸೋಪು ಹಾಕಿದರೆ ನೀರು ಗಟ್ಟಿಯಾಗುತ್ತದೆ, ಅದಕ್ಕೇ ಗುಳ್ಳೆ ನಿಲ್ಲುತ್ತದೆ ಅನ್ನುವ ಮಾತೂ ಕೇಳಿದ್ದೇನೆ. ಅಲ್ಲ, ಉಲ್ಟಾ. ನೀರಿನ ಮೇಲ್ಮೈ ಎಳೆತವನ್ನು ಸೋಪು ಅರ್ಧಕ್ಕಿಂತ ಕೆಳಗಿಳಿಸುತ್ತದೆ. ಆದರೆ ಪರೆ ಎಲ್ಲಾದರೂ ಹಿಗ್ಗಿ ತೆಳುವಾದರೆ ಅಲ್ಲಿ ಸೋಪು ವಿರಳ ಆಗುತ್ತದೆ, ಎಳೆತ ಅಲ್ಲಿ ಮಾತ್ರ ಜಾಸ್ತಿ ಆಗಿ, ಸುತ್ತಲಿನ ನೀರನ್ನು ತನ್ನ ಕಡೆ ಎಳೆದುಕೊಂಡು ತೂತಾಗುವ ಜಾಗವನ್ನು ತಾನೇ ತುಂಬಿಕೊಳ್ಳುತ್ತದೆ. ಬರೀ ನೀರಿಗೆ ಈ ರಿಪೇರಿ ಗೊತ್ತಿಲ್ಲ. ಇದನ್ನು ಕಣ್ಣಲ್ಲೇ ನೋಡಬೇಕಾದರೆ ಎಂಡ್ ಕ್ಯಾಪನ್ನು ಅದ್ದಿ, ಊದದೆ, ನೆಟ್ಟಗೆ ಹಿಡಿದು ಬೆಳಕಿಗೆ ತಿರುಗಿಸಿ ಸುಮ್ನೆ ನೋಡಿ. ಗುಲಾಬಿ, ಹಸಿರು ಪಟ್ಟೆಗಳು ಮೇಲಿನಿಂದ ಕೆಳಕ್ಕೆ ಜಾರುತ್ತವೆ, ನೀರು ಇಳಿದು ಮೇಲ್ಭಾಗ ತೆಳುವಾಗುತ್ತಾ ಬರುತ್ತದೆ, ಕೊನೆಗೆ ಮೇಲೆ ಬಣ್ಣವೇ ಇಲ್ಲದ ಕಪ್ಪು ಜಾಗ ಕಾಣುತ್ತದೆ. ಅಲ್ಲಿಗೆ ಮುಗಿಯಿತು, ಯಾವ ಕ್ಷಣದಲ್ಲಾದರೂ ಟಪ್.

ಇನ್ನು ಪೈಪು. 16 ಎಂ.ಎಂ. ಲ್ಯಾಟರಲ್, ಗೇಣಿಗಿಂತ ಸ್ವಲ್ಪ ಕಡಿಮೆ, 15 ಸೆಂಟಿಮೀಟರ್ ಸಾಕು. ಹೊಸ ಪೈಪಿನದೇ ತುಂಡು ಆಗಿರಬೇಕು. ತೋಟದಿಂದ ಕಿತ್ತ ಹಳೇ ಪೈಪು ಎಷ್ಟು ತೊಳೆದರೂ ಬೇಡ, ಅದರಲ್ಲಿ ಗೊಬ್ಬರ, ಆಸಿಡ್ ಏನೇನು ಹರಿದಿದೆಯೋ ಯಾರಿಗೆ ಗೊತ್ತು. ಒಂದು ತುದಿಯನ್ನು ಎರಡು ಸೆಂಟಿಮೀಟರ್ ಆಳಕ್ಕೆ ನಾಲ್ಕು ಕಡೆ ಸೀಳಿ. ಪೈಪು ಗಡಸು, ಎಸಳು ಬಿಡಿಸಿದರೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅದಕ್ಕೆ ನಾವು ಕನೆಕ್ಟರ್ ತೂರಿಸುವಾಗ ಮಾಡುವ ಉಪಾಯವೇ ಇಲ್ಲೂ: ಕುದಿಯುವ ನೀರಲ್ಲಿ ತುದಿ ಅದ್ದಿ ಮೆತ್ತಗಾದ ಮೇಲೆ ಎಸಳುಗಳನ್ನು ಹೊರಕ್ಕೆ ಬಗ್ಗಿಸಿ, ಹಾಗೇ ಹಿಡಿದು ತಣ್ಣೀರಿಗೆ ಹಾಕಿ. ನಿಲ್ಲುತ್ತದೆ.

ಎಸಳು ಅಂದಕ್ಕಲ್ಲ. ಗುಳ್ಳೆ ಎಸಳುಗಳ ಮೇಲೆ ಕೂತು ಬೆಳೆಯುತ್ತದೆ, ಬರೀ ಕೊಳವೆಗಿಂತ ದೊಡ್ಡದಾಗುತ್ತದೆ. ಸೀಳುಗಳಲ್ಲಿ ಸ್ವಲ್ಪ ಸೋಪು ನೀರು ನಿಂತಿರುತ್ತದೆ, ಗುಳ್ಳೆ ಹಿಗ್ಗುವಾಗ ಅಲ್ಲಿಂದಲೇ ಅದಕ್ಕೆ ಸರಬರಾಜು. ಅಂಗಡಿಯ ಗುಳ್ಳೆ ಡಬ್ಬಿಯ ಬಳೆಯ ಅಂಚಿನಲ್ಲಿ ಗೀರು ಗೀರು ಇರುವುದೂ ಇದಕ್ಕೇ. ಎಂಡ್ ಕ್ಯಾಪಿಗೆ ಗೀರು ಇಲ್ಲ, ಹಾಗಾಗಿ ಅದಕ್ಕೆ ಹತ್ತಿ ದಾರ ಒತ್ತೊತ್ತಾಗಿ ಸುತ್ತಿದೆ. ಮುಂಚೆ ಒಂದೋ ಎರಡೋ ಗುಳ್ಳೆ ಬರುತ್ತಿದ್ದ ಕಡೆ ಈಗ ಒಂದೇ ಅದ್ದಿಗೆ ಸಾಲು ಬರುತ್ತದೆ. ಇನ್ನೊಂದು ಗಮನಿಸಿದ್ದು, ಬಾಯಿ ಕಿರಿದಾದರೆ ಪರೆ ಉಬ್ಬಿಸಲು ಜೋರಾಗಿ ಊದಬೇಕು, ಅಗಲವಾದರೆ ಮೆಲ್ಲಗೆ ಊದಿದರೂ ಸಾಕು. ಚಿಕ್ಕ ಮಕ್ಕಳಿಗೆ ಸಣ್ಣ ಬಳೆ ಕೊಡುವುದು ನಾವು, ಆಮೇಲೆ ಬರಲ್ಲ ಅಂತ ಅವು ಅಳುವುದು.

ಈಗ ಹೀರುವ ಸಮಸ್ಯೆ. ಬಾಯಿಗಿಡುವ ತುದಿಯಿಂದ ಎರಡು ಬೆರಳು ಕೆಳಗೆ, ಪೈಪಿಗೆ ತೂತು ಹೊಡೆಯುವ ಡ್ರಿಪ್ ಪಂಚಿನಿಂದ ಸುತ್ತ ನಾಲ್ಕು ತೂತು ಹೊಡೆಯುತ್ತೇನೆ. ಹೀರಿದರೆ ತೂತಿನಿಂದ ಗಾಳಿ ಒಳಗೆ ಬರುತ್ತದೆ, ನೀರು ಮೇಲಕ್ಕೆ ಏರಲ್ಲ. ಒಂದೇ ತೂತು ಸಾಲದು, ಪೈಪಿನ ಬಾಯಿ ದೊಡ್ಡದು, ಜೋರಾಗಿ ಎಳೆದರೆ ಅದನ್ನೂ ಮೀರಿ ನೀರು ಏರುತ್ತದೆ. ಮಗುವಿಗೆ ಕೊಡುವ ಮೊದಲು ಒಂದು ಲೋಟ ಕುಡಿಯುವ ನೀರಲ್ಲಿ ಇಟ್ಟು ನೀವೇ ಹೀರಿ ನೋಡಿ. ಸುಸ್ ಅಂತ ಗಾಳಿ ಮಾತ್ರ ಬರಬೇಕು, ನೀರು ಬಂದರೆ ಇನ್ನೆರಡು ತೂತು ಹೊಡೆಯಿರಿ. ಅಕ್ಕನ ಮಗಳಿಗೆ ಇದನ್ನು ಕೊಟ್ಟಾಗ ಅವಳು ಮಾಡಿದ ಮೊದಲ ಕೆಲಸ ಲೋಟದಿಂದ ಹೀರಿದ್ದೇ. ಕೆನ್ನೆ ಒಳಗೆ ಹೋಗುವಷ್ಟು ಎಳೆದಳು, ಏನೂ ಬರಲಿಲ್ಲ. ಪೈಪನ್ನು ತಿರುಗಿಸಿ ತಿರುಗಿಸಿ ನೋಡಿ, 'ಮಾಮ, ಇದು ತೂತಾಗಿದೆ, ಬೇರೆ ಕೊಡು' ಅಂದಳು. ಊದುವಾಗಲೂ ತೂತಿನಿಂದ ಸ್ವಲ್ಪ ಗಾಳಿ ಸೋರುತ್ತದೆ, ನಿಜ. ಉಸಿರು ನಿಲ್ಲಿಸಿದರೆ ಗುಳ್ಳೆ ತಾನೇ ಕುಗ್ಗುತ್ತಾ ವಾಪಸ್ ಬರುತ್ತದೆ, ಒಳಗಿನ ಒತ್ತಡ ಹೊರಗಿಗಿಂತ ಜಾಸ್ತಿ ಅಲ್ವಾ. ದೊಡ್ಡದಾದ ಕೂಡಲೇ ಮಣಿಕಟ್ಟನ್ನು ಸರ್ರನೆ ತಿರುವಿದರೆ ಬಾಯಿ ಮುಚ್ಚಿಕೊಂಡು ಗುಳ್ಳೆ ಬಿಟ್ಟುಹೋಗುತ್ತದೆ. ಮಕ್ಕಳು ಇದನ್ನು ನಮಗಿಂತ ಬೇಗ ಕಲಿಯುತ್ತಾರೆ.

ಚೆಲ್ಲುವುದಕ್ಕೆ ಸಿಕ್ಕ ಪರಿಹಾರ ಪಾತ್ರೆ ಉಜ್ಜುವ ಸ್ಪಂಜು. ಅಗಲವಾದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಹೊಸ ಸ್ಪಂಜು ಕತ್ತರಿಸಿ ಕೂರಿಸಿ, ಅದು ಕುಡಿಯುವಷ್ಟು ಮಾತ್ರ ಸೋಪು ನೀರು ಹಾಕಿದೆ. ಎಸಳಿನ ತುದಿಯನ್ನು ಸ್ಪಂಜಿಗೆ ಒತ್ತಿ ತೆಗೆದರೆ ಪರೆ ಕೂತಿರುತ್ತದೆ. ಡಬ್ಬಿ ಬೋರಲು ಬಿದ್ದರೂ ನಾಲ್ಕು ಹನಿ. ಹೀರೋಣ ಅಂದರೆ ನಿಂತ ನೀರೇ ಇಲ್ಲ. ನನ್ನ ಪ್ರಕಾರ ಇಡೀ ಆಟಿಕೆಯಲ್ಲಿ ಇದೇ ಮುಖ್ಯ ಭಾಗ, ತೂತು ಬರೀ ಎರಡನೇ ಬೇಲಿ. ಉಳಿದ ಸೋಪು ನೀರನ್ನು ಮಾತ್ರ ಕುಡಿಯುವ ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ.

ಮೂರು ವರ್ಷದೊಳಗಿನವರಿಗೆ ಪೈಪು ಕೊಡಲ್ಲ, ಎಂಡ್ ಕ್ಯಾಪಂತೂ ಕೊಡಲೇ ಕೊಡಲ್ಲ, ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಸೈಜು. ಅವರಿಗೆ ದೊಡ್ಡವರು ಊದಿದರಾಯಿತು, ಒಡೆಯುವ ಕೆಲಸ ಅವರದು.

ಹೊತ್ತು ನೋಡಿ ಆಡಿಸಿ. ಏಪ್ರಿಲ್ ಮಧ್ಯಾಹ್ನ ನಮ್ಮೂರ ಒಣ ಬಿಸಿಲಿಗೆ ಗುಳ್ಳೆ ಮೇಲೇಳುವಷ್ಟರಲ್ಲಿ ಒಣಗಿ ಒಡೆಯುತ್ತದೆ. ಬೆಳಿಗ್ಗೆ, ಇಲ್ಲ ಮಳೆ ನಿಂತ ಮೇಲೆ ಚೆನ್ನಾಗಿ ಬಾಳುತ್ತದೆ. ಇನ್ನು ಆಷಾಢದ ಗಾಳಿ, ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಗ ಊದುವುದೇ ಬೇಡ, ದಾರ ಸುತ್ತಿದ ಕ್ಯಾಪನ್ನು ಗಾಳಿಗೆ ಹಿಡಿದರೆ ಸಾಕು. ಟೈಲ್ಸ್ ಮೇಲೆ ಮಾತ್ರ ಆಡಿಸಬೇಡಿ, ಜಾರುತ್ತದೆ.

ನಾಯಕನಹಟ್ಟಿ ಜಾತ್ರೆಯಲ್ಲಿ ಇಟ್ಟು ಮಾರು ಅಣ್ಣ ಅಂತ ಜೊತೆಗಾರರು ಹೇಳುತ್ತಲೇ ಇರುತ್ತಾರೆ. 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಆಗಿದೆ, ನೋಂದಾಯಿತ ಕರಕುಶಲಕರ್ಮಿಗಳಿಗೆ ಬಿಟ್ಟರೆ ವಿನಾಯಿತಿ ಕಷ್ಟ. ನಾನು ಡ್ರಿಪ್ ಹಾಕುವವನು, ಆ ತಾಪತ್ರಯ ನನಗೆ ಯಾಕೆ. ಪರಿಚಯದವರು ಕೇಳಿದರೆ ಸೀಳಿ, ತೂತು ಹೊಡೆದು ಕೊಡುತ್ತೇನೆ, ಡಬ್ಬಿ, ಸ್ಪಂಜು ಅವರದೇ. ಪಂಚ್ ಇಲ್ಲದವರು ಮೊಳೆ ಕಾಯಿಸಿ ತೂತು ಮಾಡಿಕೊಳ್ಳಬಹುದು, ಆಮೇಲೆ ಅಂಚನ್ನು ಮರಳು ಕಾಗದದಲ್ಲಿ ಉಜ್ಜಿ ನಯ ಮಾಡಿ, ತುಟಿಗೆ ತಾಗುತ್ತದೆ.