ಅಗಲಿಕೆಯ ನೋವಿನಲ್ಲಿ ಓದು ಮುಂದುವರಿಸುವುದು ಹೇಗೆ?

ಅಪ್ಪನನ್ನೋ ಅಮ್ಮನನ್ನೋ, ಒಡಹುಟ್ಟಿದವರನ್ನೋ, ಜೀವದ ಗೆಳತಿಯನ್ನೋ ಕಳೆದುಕೊಂಡ ವಿದ್ಯಾರ್ಥಿಗಳು ವಿಶ್ವವಿದ್ಯಾಲಯಕ್ಕೆ ಮರಳುವ ಹೊತ್ತಿಗೆ ಪಾಠಗಳು ಮುಂದೆ ಹೋಗಿರುತ್ತವೆ, ಹಾಜರಾತಿ ಕುಸಿದಿರುತ್ತದೆ. ಏನು ಹೇಳಬೇಕೆಂದು ತೋಚದ ಸಹಪಾಠಿಗಳು ಮಾತು ತಪ್ಪಿಸುತ್ತಾರೆ. ‘ಧೈರ್ಯ ತಂದುಕೋ’ ಎಂದು ಹೇಳುವವರು ಬೇಕಾದಷ್ಟು ಜನ. ಆದರೆ ಏನು ಮಾಡಬೇಕೆಂದು ಹೇಳುವವರು ಕಡಿಮೆ.

ಮೊದಲ ಕೆಲಸ: ಬರೆದು ತಿಳಿಸಿ

ವಿಭಾಗದ ಮುಖ್ಯಸ್ಥರಿಗೆ ಅಥವಾ ಮಾರ್ಗದರ್ಶಕರಿಗೆ ಆದಷ್ಟು ಬೇಗ ಇಮೇಲ್ ಕಳಿಸಿ. ಬಾಯಿಮಾತಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬರೆದದ್ದು ದಾಖಲೆಯಾಗಿ ಉಳಿಯುತ್ತದೆ. ಉದ್ದ ಬೇಕಿಲ್ಲ: ‘ನನ್ನ ತಾಯಿ ತೀರಿಕೊಂಡಿದ್ದಾರೆ. ಮುಂದಿನ ವಾರದವರೆಗೆ ತರಗತಿಗೆ ಬರಲಾಗುವುದಿಲ್ಲ. ಈ ತಿಂಗಳ ಅಸೈನ್‌ಮೆಂಟ್‌ಗೆ ಹೆಚ್ಚಿನ ಕಾಲಾವಕಾಶ ಬೇಕು. ಯಾವ ದಾಖಲೆ ಕೊಡಬೇಕೆಂದು ದಯವಿಟ್ಟು ತಿಳಿಸಿ.’ ಇಷ್ಟು ಸಾಕು. ಇದನ್ನು ಬರೆಯುವುದಕ್ಕೂ ಕೈ ಏಳದಿದ್ದರೆ ಸ್ನೇಹಿತರಿಂದ ಬರೆಸಿ. ಹಲವು ಕಡೆ ಮರಣ ಪ್ರಮಾಣಪತ್ರ ಕೇಳುತ್ತಾರೆ. ಅದರ ಒಂದು ನಕಲನ್ನು ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಪ್ರತಿ ಬಾರಿ ಮನೆಯವರನ್ನು ಕೇಳಬೇಕಾಗುವುದಿಲ್ಲ.

ಶುಲ್ಕ ಕಟ್ಟುತ್ತಿದ್ದವರೇ ಹೋಗಿದ್ದರೆ, ಹಣಕಾಸಿನ ನೆರವು ಅಥವಾ ಕಂತಿನ ಬಗ್ಗೆಯೂ ಆಗಲೇ ವಿಚಾರಿಸಿ. ಸಂಕೋಚಪಟ್ಟು ಗಡುವು ದಾಟಿಸಬೇಡಿ.

ಓದು ಬಿಡುವ ತೀರ್ಮಾನ ಈಗಲೇ ಬೇಡ

ಮೊದಲ ವಾರಗಳಲ್ಲಿ ‘ಇನ್ನು ಯಾರಿಗಾಗಿ ಓದಬೇಕು?’ ಎನ್ನಿಸುವುದು ಸಹಜ. ಆ ಪ್ರಶ್ನೆಗೆ ಆಗಲೇ ಉತ್ತರ ಕೊಡಬೇಕಾಗಿಲ್ಲ. ಗಡುವು ವಿಸ್ತರಣೆ, ಪರೀಕ್ಷೆ ಮುಂದೂಡಿಕೆ, ಒಂದು ಸೆಮಿಸ್ಟರ್ ವಿರಾಮ ಹೀಗೆ ನಡುವಿನ ದಾರಿಗಳು ಇರುತ್ತವೆ. ವಿರಾಮ ತೆಗೆದುಕೊಂಡರೆ ಹಾಸ್ಟೆಲ್ ಕೊಠಡಿ ಮತ್ತು ವಿದ್ಯಾರ್ಥಿವೇತನ ಉಳಿಯುತ್ತವೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಪುಸ್ತಕ ತೆರೆದಾಗ

ಒಂದೇ ಪುಟವನ್ನು ಮತ್ತೆ ಮತ್ತೆ ಓದಿದರೂ ತಲೆಗೆ ಹತ್ತುವುದಿಲ್ಲ. ಇದು ಸೋಮಾರಿತನವಲ್ಲ. ದುಃಖ ಏಕಾಗ್ರತೆ, ನೆನಪಿನ ಶಕ್ತಿ, ನಿದ್ರೆ ಮೂರನ್ನೂ ಕದಡುತ್ತದೆ. ಆದ್ದರಿಂದ ದಿನದ ಗುರಿಯನ್ನು ಚಿಕ್ಕದು ಮಾಡಿ: ಒಂದು ಅಧ್ಯಾಯದ ಬದಲು ಎರಡು ಪುಟ, ಮೂರು ಗಂಟೆಯ ಬದಲು ಇಪ್ಪತ್ತು ನಿಮಿಷ. ತಲೆ ಓಡದ ದಿನ ಟಿಪ್ಪಣಿ ನಕಲು ಮಾಡುವುದು, ಹಾಳೆಗಳನ್ನು ಜೋಡಿಸಿಡುವುದು ಇಂಥ ಕೆಲಸ ಹಿಡಿಯಿರಿ. ಊಟ ಮತ್ತು ನಿದ್ರೆಯ ಹೊತ್ತನ್ನು ಮಾತ್ರ ಬಿಟ್ಟುಕೊಡಬೇಡಿ.

ನಗು ಬಂದರೆ ನಗಿ

ದುಃಖಕ್ಕೆ ಐದು ಹಂತಗಳಿವೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. 1969ರಲ್ಲಿ ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ ಅವನ್ನು ವಿವರಿಸಿದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳೊಂದಿಗೆ ಮಾತನಾಡಿ. ನಿಮ್ಮ ದುಃಖ ಆ ಕ್ರಮದಲ್ಲಿ ಸಾಗದಿದ್ದರೆ ನಿಮ್ಮಲ್ಲಿ ಏನೋ ಕೆಟ್ಟಿದೆ ಎಂದಲ್ಲ. 1999ರಲ್ಲಿ ಸಂಶೋಧಕರಾದ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಮುಂದಿಟ್ಟ ವಿವರಣೆ ವಿದ್ಯಾರ್ಥಿಗಳಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಅವರ ಪ್ರಕಾರ ಮನಸ್ಸು ಅಗಲಿಕೆಯ ನೋವು ಮತ್ತು ಬದುಕಿನ ಕೆಲಸಗಳ ನಡುವೆ ಅತ್ತಿಂದಿತ್ತ ಓಡಾಡುತ್ತಿರುತ್ತದೆ, ಆ ಓಡಾಟವೇ ಚೇತರಿಕೆಯ ದಾರಿ. ಬೆಳಿಗ್ಗೆ ಪ್ರಯೋಗಾಲಯದಲ್ಲಿ ಗೆಳೆಯರೊಂದಿಗೆ ನಕ್ಕು, ಸಂಜೆ ಯಾವುದೋ ಅರ್ಜಿಯ ‘ತುರ್ತು ಸಂಪರ್ಕ’ ಎಂಬ ಖಾನೆಯಲ್ಲಿ ಅಪ್ಪನ ನಂಬರ್ ಕಂಡು ಬಿಕ್ಕಿ ಅತ್ತರೆ, ಎರಡೂ ಸರಿಯೇ. ನಕ್ಕಿದ್ದಕ್ಕೆ ತಪ್ಪಿತಸ್ಥ ಭಾವ ಬೇಡ.

ಕೊಠಡಿಯ ಜೊತೆಗಾರರಿಗೆ ನಿಮಗೇನು ಬೇಕೆಂದು ಬಿಡಿಸಿ ಹೇಳಿ. ‘ಈಗ ಆ ವಿಷಯ ಬೇಡ, ಜೊತೆಗೆ ಊಟಕ್ಕೆ ಬಾ’ ಎಂದರೆ ಅವರಿಗೂ ದಾರಿ ಸಿಗುತ್ತದೆ.

ಯಾವಾಗ ನೆರವು ಪಡೆಯಬೇಕು?

ಆಪ್ತಸಮಾಲೋಚಕರನ್ನು ಕಾಣಲು ಪರಿಸ್ಥಿತಿ ಕೈಮೀರಬೇಕಿಲ್ಲ. ಬದುಕಿರುವುದೇ ಬೇಡ ಎನ್ನಿಸಿದರೆ, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದರೆ ಒಂದು ದಿನವೂ ಕಾಯಬೇಡಿ. ಹತ್ತಿರದಲ್ಲಿರುವವರಿಗೆ ಹೇಳಿ, ವೈದ್ಯರನ್ನೋ ತುರ್ತು ಸಹಾಯವಾಣಿಯನ್ನೋ ಸಂಪರ್ಕಿಸಿ. ಆರು ತಿಂಗಳು ಕಳೆದರೂ ತೀವ್ರ ಹಂಬಲ ತಗ್ಗದೆ ದಿನಚರಿಯೇ ನಿಂತುಹೋಗಿದ್ದರೆ, ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಎಂಬ ರೋಗಗಳ ಪಟ್ಟಿ ಅದನ್ನು ಚಿಕಿತ್ಸೆ ಬೇಕಾದ ಸ್ಥಿತಿಯೆಂದೇ ಪರಿಗಣಿಸುತ್ತದೆ.

ಕೊನೆಯದಾಗಿ, ತೀರಿಕೊಂಡವರ ಹುಟ್ಟುಹಬ್ಬ, ಅವರು ಹೋದ ದಿನ, ಫಲಿತಾಂಶ ಬರುವ ದಿನ, ಇವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ. ಆ ವಾರಗಳಲ್ಲಿ ಸೆಮಿನಾರ್ ಒಪ್ಪಿಕೊಳ್ಳಬೇಡಿ. ಪರೀಕ್ಷೆಯೇ ಬಂದರೆ ಮಾರ್ಗದರ್ಶಕರಿಗೆ ಒಂದು ತಿಂಗಳ ಮೊದಲೇ ತಿಳಿಸಿ.