ಈಡು ಬಿದ್ದ ಕೈಯಲ್ಲಿ ಮತ್ತೆ ಹಾಲು ಕರೆದದ್ದು: ನನ್ನ ಅನುಭವ

ಎಡಗೈಗೆ ತೋಟಾ ಕೋವಿ ಈಡು ಬಿದ್ದು ನಾಲ್ಕು ವರ್ಷದ ಹತ್ರ ಆಯ್ತು. ಈಗ ದಿನಾ ಎರಡು ಹೊತ್ತು ಅದೇ ಕೈ ಸೇರಿಸಿ ಹಾಲು ಕರೀತೀನಿ, ಈ ಸಲ ಸುಗ್ಗೀಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆನೂ ಸುಲಿದೆ. ಹಾಲು ಕರೆದೇ ಕೈ ಸರಿ ಮಾಡ್ಕೋತೀನಿ ಅಂದಾಗ ನಂಬಿದ್ದು ಅಮ್ಮ ಒಬ್ರೇ. ಸಂಬಂಧಿಕರು ಅಂಗವಿಕಲರ ಸರ್ಟಿಫಿಕೇಟ್ ಮಾಡಿಸ್ಕೋ, ಪಿಂಚಣಿ ಬರತ್ತೆ, ಹಸು ಮಾರು ಅಂದ್ರು. ಫಿಸಿಯೋ ಹುಡುಗಿ ಹೂಂ ಅಂದ್ಲು, ಆದ್ರೆ ಅವಳ ಮುಖ ನೋಡಿದ್ರೆ ಗೊತ್ತಾಗ್ತಿತ್ತು. ಈಗ ಅವಳೇ ಬೇರೆ ಪೇಷಂಟ್‌ಗಳಿಗೆ ನನ್ನ ವಿಡಿಯೋ ತೋರಿಸ್ತಾಳೆ. ಕೋವಿ, ಪಟಾಕಿ, ಅಡಿಕೆ ಸುಲಿಯೋ ಮಷೀನು, ಯಾವ್ದರಿಂದ ಕೈ ಹೋದವರಿಗೂ ಇದು ಉಪಯೋಗಕ್ಕೆ ಬರಬಹುದು ಅಂತ ಬರೀತಿದೀನಿ. ಕೈ ಪೆಟ್ಟಾದವರಿಗೆ ಗೊತ್ತು, ಉಳಿದವರಿಗೆ ಹೇಳ್ತೀನಿ, ಸ್ಪ್ಲಿಂಟು ಅಂದ್ರೆ ಕೈಯನ್ನ ಸರಿಯಾದ ಭಂಗೀಲಿ ಹಿಡಿದಿಡೋ ಪಟ್ಟಿ, ಕೆ-ವೈರು ಅಂದ್ರೆ ಮುರಿದ ಮೂಳೆ ಹಿಡಿದಿಡೋಕೆ ಹಾಕೋ ಸಣ್ಣ ತಂತಿ.

ಆಗಿದ್ದು ಇಷ್ಟು. ಗದ್ದೆಗೆ ಕಾಡುಹಂದಿ ಕಾವಲು, ಜೊತೆಗಿದ್ದವರ ಹಳೇ ಒಂಟಿ ನಳಿಗೆ ಕೋವಿ ಮರಕ್ಕೆ ಒರಗಿಸಿತ್ತು, ನಾಯಿ ಹಗ್ಗ ಸಿಕ್ಕಿ ಕೋವಿ ಜಾರಿತು, ಅದರ ಕುದುರೆ (ತೋಟಾಕ್ಕೆ ಹೊಡೆಯೋ ಸುತ್ತಿಗೆ) ಕಲ್ಲಿಗೆ ಬಡೀತು, ಈಡು ಹಾರಿತು. ನಾನಿದ್ದಿದ್ದು ಐದಾರು ಅಡಿ ದೂರದಲ್ಲಿ. ಅಷ್ಟು ಹತ್ರದಿಂದ ಬಂದ್ರೆ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಹೆಚ್ಚು ಚದುರಲ್ಲ, ಬಹುಪಾಲು ಒಂದೇ ಮುದ್ದೆಯಾಗಿ ಹೊಡೆಯತ್ತೆ. ಕಿರುಬೆರಳು ಪೂರ್ತಿ, ಉಂಗುರ ಬೆರಳು ಅರ್ಧ ಹೋಯ್ತು, ಅಂಗೈಯ ಎರಡು ಮೂಳೆ ಪುಡಿ, ಕೈ ಮೇಲಿನ ಚರ್ಮ ಇಲ್ಲವೇ ಇಲ್ಲ, ಅಂಚಿಗೆ ಹಾರಿದ ಇಪ್ಪತ್ತರ ಹತ್ರ ಚರೆ ಮೊಣಕೈವರೆಗೆ ಹೊಕ್ಕಿದ್ವು. ಕೋವಿ ಯಾರದ್ದು ಅಂತ ಬರೆಯಲ್ಲ, ಅವರೂ ಕಡಿಮೆ ನೋವು ತಿಂದಿಲ್ಲ.

ಪಂಚೆ ಮಡಚಿ ಒತ್ತಿ ಬಿಗಿಯಾಗಿ ಕಟ್ಟಿ ಕೈ ಮೇಲೆತ್ತಿ ಹಿಡಿದ್ವಿ. ಯಾರೋ ಕಾಫಿಪುಡಿ ತುಂಬಿ ಅಂತ ಓಡಿ ಬಂದ್ರು, ಬಿಡಲಿಲ್ಲ. ದಯವಿಟ್ಟು ಯಾರೂ ಬಿಡಬೇಡಿ, ಕಾಫಿಪುಡಿ ಅರಿಶಿನ ಸೊಪ್ಪು ಏನೇ ತುಂಬಿದ್ರೂ ಡಾಕ್ಟ್ರು ಅದನ್ನ ಕೆರೆದು ತೆಗೀಬೇಕು, ಜೊತೆಗೆ ಒಳ್ಳೇ ಮಾಂಸನೂ ಹೋಗತ್ತೆ. ಬೆರಳಿನ ತುಂಡನ್ನ ಒದ್ದೆ ಬಟ್ಟೇಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನ ಐಸ್ ಮೇಲಿಟ್ಟು ಒಯ್ದಿದ್ವಿ. ನಂದು ಜೋಡಿಸೋ ಹಾಗಿರಲಿಲ್ಲ, ಛಿದ್ರ ಆಗಿತ್ತು, ಮಷೀನಿಗೆ ಕತ್ತರಿಸಿದ್ದಾದ್ರೆ ಕೆಲವು ಸಲ ಆಗತ್ತಂತೆ.

ಮೊದಲು ಹೋದ ಸಣ್ಣ ಆಸ್ಪತ್ರೆಯವರು ಕೋವಿ ಕೇಸು, ಪೊಲೀಸ್ ಬರದೆ ಮುಟ್ಟಲ್ಲ ಅಂದ್ರು. ಇದು ತಪ್ಪು. 1989ರಲ್ಲೇ ಸುಪ್ರೀಂ ಕೋರ್ಟ್ ಪರಮಾನಂದ ಕಟಾರ ಕೇಸಲ್ಲಿ ಹೇಳಿದೆ, ಮೊದಲು ಜೀವ ಉಳಿಸೋ ಚಿಕಿತ್ಸೆ, ಪೊಲೀಸ್ ಕಾಗದ ಆಮೇಲೆ, ಸರ್ಕಾರಿ ಆಗ್ಲಿ ಖಾಸಗಿ ಆಗ್ಲಿ. ಎಂಎಲ್‌ಸಿ, ಅಂದ್ರೆ ಪೊಲೀಸರಿಗೆ ತಿಳಿಸೋ ಮೆಡಿಕೋ ಲೀಗಲ್ ಕೇಸಿನ ದಾಖಲೆ, ಅವರು ಬರೆಯಲೇಬೇಕು, ಬರೀಲಿ, ಆದ್ರೆ ಅದಕ್ಕೋಸ್ಕರ ರಕ್ತ ಸುರಿಯೋನನ್ನ ಬಾಗಿಲಲ್ಲಿ ನಿಲ್ಲಿಸೋ ಹಾಗಿಲ್ಲ. ನಮಗೆ ಆಗ ಗೊತ್ತಿರಲಿಲ್ಲ, ಆಗುಂಬೆ ಘಾಟಿ ಮಳೇಲಿ ಇಳಿದು ದೊಡ್ಡ ಆಸ್ಪತ್ರೆ ಸೇರೋ ಹೊತ್ತಿಗೆ ಮೂರು ಪಂಚೆ ತೊಯ್ದಿತ್ತು.

ಅಲ್ಲಿ ಕೈ ತೆಗೆಯೋ ಮಾತೂ ಬಂತು. ಹೆಬ್ಬೆರಳು ತೋರುಬೆರಳಿಗೆ ರಕ್ತ ಓಡ್ತಿದೆ, ಉಳಿಸಿ ನೋಡೋಣ ಅಂದ ಸರ್ಜನ್ನು ಇನ್ನೂ ಚಿಕ್ಕ ವಯಸ್ಸಿನವರು. ಗಾಯ ಹೊಲಿಯದೆ ತೆರೆದಿಟ್ಟು ಎರಡ್ಮೂರು ಸಲ ತೊಳೆದು ಸತ್ತ ಮಾಂಸ ತೆಗೆದ್ರು, ವೈರ್ ಹಾಕಿದ್ರು, ಆಮೇಲೆ ತೊಡೆಸಂದಿನ ಫ್ಲಾಪ್, ಅಂದ್ರೆ ಅಲ್ಲಿನ ಚರ್ಮವನ್ನ ರಕ್ತನಾಳ ಸಮೇತ ಎತ್ತಿ ಕೈಯ ಗಾಯ ಮುಚ್ಚೋದು. ಕೈಯನ್ನ ಸೊಂಟದ ಕೆಳಗೆ ಹೊಲಿದು ಮೂರು ವಾರ ಹಾಗೇ ಮಲಗೋದು, ಮಾಡಿಸಿದವರಿಗೆ ಮಾತ್ರ ಗೊತ್ತು ಆ ಕಷ್ಟ. ಬಿಡಿಸಿದ ಮೇಲೆ ಫ್ಲಾಪಿನ ಅಂಚು ಕಪ್ಪಾಯ್ತು, ಒಂದು ಇಂಚಿನಷ್ಟು ಹೋಯ್ತು, ತೊಡೆ ಚರ್ಮ ತೆಗೆದು ಮತ್ತೆ ಹಾಕಿದ್ರು. ನಮ್ಮ ಕಡೆ ಎಲೆಯಡಿಕೆ ಜೊತೆ ತಂಬಾಕು ಹಾಕೋರು ಜಾಸ್ತಿ, ಒಂದು ಮಾತು ಹೇಳ್ತೀನಿ, ಹೊಗೆಸೊಪ್ಪಿನ ನಿಕೋಟಿನ್ ಸಣ್ಣ ರಕ್ತನಾಳ ಕುಗ್ಗಿಸತ್ತೆ, ಫ್ಲಾಪ್ ಬದುಕಬೇಕಾದ್ರೆ ಒಂದು ಎಸಳೂ ಬೇಡ. ವಾರ್ಡಲ್ಲಿ ಪಕ್ಕದ ಬೆಡ್ಡಿನವರು ಕದ್ದು ಹಾಕ್ತಿದ್ರು, ಅವರ ಫ್ಲಾಪ್ ಪೂರ್ತಿ ಹೋಯ್ತು.

ದುಡ್ಡು. ಎಲ್ಲಾ ಆಪರೇಷನ್ ಸೇರಿ ಮೂರೂವರೆ ಲಕ್ಷದ ಮೇಲೆ. ನಮ್ದು ಎಪಿಎಲ್ ಕಾರ್ಡು, ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಎಪಿಎಲ್‌ನವರಿಗೆ ಪ್ಯಾಕೇಜ್ ರೇಟಿನ 30% ಮಾತ್ರ ಸರ್ಕಾರ ಕೊಡೋದು, ಬಿಪಿಎಲ್ ಆದ್ರೆ ವರ್ಷಕ್ಕೆ 5 ಲಕ್ಷದವರೆಗೆ. ಉಳಿದಿದ್ದಕ್ಕೆ ಆರು ಕ್ವಿಂಟಾಲ್ ರಾಶಿ ಅಡಿಕೆ ಕೊಟ್ಟೆ, ರೇಟು ಆಗ ಕ್ವಿಂಟಾಲಿಗೆ 45 ಸಾವಿರದ ಆಸುಪಾಸು. ಸ್ಪ್ಲಿಂಟು ಮೂರು ಸಾವಿರ ಚಿಲ್ಲರೆ. ಆದ್ರೆ ನಿಜವಾಗಿ ತಿಂದಿದ್ದು ಫಿಸಿಯೋ, ಒಂದು ಸಲಕ್ಕೆ 400, ಬಸ್ಸು ಊಟ ಸೇರಿ 700, ಅರ್ಧ ದಿನ ಹಾಳು. ನಾಲ್ಕೈದು ತಿಂಗಳು ಹೋದೆ. ಕರೆಂಟು ಕೊಟ್ರು, ಮೇಣದ ಶಾಖ ಕೊಟ್ರು, ರಬ್ಬರ್ ಚೆಂಡು ಒತ್ತು ಅಂದ್ರು. ಬೆರಳು ಮರದ ಕೊರಡಿನ ಹಾಗೆ ನಿಂತಿದ್ದು ಹಾಗೇ ಇತ್ತು. ಚೆಂಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ, ಗಡಸಾದ ಬೆರಳಿಗೆ ಚೆಂಡು ಬೇಡ, ಚೆಂಡು ಇರೋವಷ್ಟು ಜಾಗ ಬಿಟ್ಟೇ ಬೆರಳು ಮಡಚತ್ತೆ, ಮುಷ್ಟಿ ಯಾವತ್ತೂ ಪೂರ್ತಿ ಮುಚ್ಚಲ್ಲ.

ಮೇಣ ಮನೇಲೇ ಮಾಡೋಣ ಅಂತ ನೋಡಿದೆ. ಥೆರಪಿಗೆ ಪ್ಯಾರಾಫಿನ್ 50-54 ಡಿಗ್ರಿಯಲ್ಲಿ ಇರಬೇಕು. ಮನೇಲಿ ಜೇನುಮೇಣ ಇತ್ತು, ಥರ್ಮಾಮೀಟರ್ ಇಟ್ಟು ಕರಗಿಸಿದ್ರೆ 62 ದಾಟಿದ ಮೇಲೇ ಕರಗೋದು. ಅಲ್ಲಿಗೇ ಬಿಟ್ಟೆ. ಸ್ಪರ್ಶ ಇಲ್ಲದ ಚರ್ಮ ಸುಟ್ರೂ ಗೊತ್ತಾಗಲ್ಲ, ಯಾರೂ ಪ್ರಯತ್ನ ಮಾಡಬೇಡಿ.

ಹಾಲಿನ ಐಡಿಯಾ ಬಂದಿದ್ದು ಅಮ್ಮ ಕರೆಯೋದನ್ನ ನೋಡ್ತಾ ಕೂತಿದ್ದಾಗ. ನಮ್ಮ ಮಲೆನಾಡು ಗಿಡ್ಡ ತಳಿ ಹಸುವಿನ ಮೊಲೆ ಸಣ್ಣದು, ಹೆಬ್ಬೆರಳು ಮತ್ತು ಎರಡು ಬೆರಳಲ್ಲೇ ಕರೆಯೋದು. ನಂಗೆ ಪೂರ್ತಿ ಉಳಿದಿದ್ದೂ ಆ ಮೂರೇ! ಜರ್ಸಿ ಕ್ರಾಸಿಗೆ ಪೂರ್ತಿ ಮುಷ್ಟಿ ಬೇಕು, ಅದು ನಂಗಾಗಲ್ಲ. ನೇರ ಹಸು ಹತ್ರ ಹೋಗೋ ಹಾಗಿರಲಿಲ್ಲ, ಅದಕ್ಕೆ ಮೆಡಿಕಲ್ ಶಾಪಿನ ರಬ್ಬರ್ ಗ್ಲೌಸ್ ತಂದು ಒಂದು ಲೀಟರ್‌ನಷ್ಟು ನೀರು ತುಂಬಿ ಬಾಯಿ ಕಟ್ಟಿ ಕೊಟ್ಟಿಗೆ ಜಂತೆಗೆ ನೇತು ಹಾಕಿದೆ, ಕೂತ್ರೆ ಮೊಣಕಾಲಿನ ಮಟ್ಟಕ್ಕೆ ಬರೋ ಹಾಗೆ, ಒಂದು ಬೆರಳ ತುದಿಗೆ ಸೂಜೀಲಿ ತೂತು. ಇದರ ಮಜಾ ಏನಂದ್ರೆ ಮೇಲ್ಗಡೆ ಹೆಬ್ಬೆರಳು ತೋರುಬೆರಳು ಮೊದಲು ಮುಚ್ಚಬೇಕು, ಆಮೇಲೆ ನಡುಬೆರಳು ಒತ್ತಬೇಕು, ಕ್ರಮ ತಪ್ಪಿದ್ರೆ ನೀರು ವಾಪಸ್ ಮೇಲೆ ಹೋಗತ್ತೆ, ಧಾರೆ ಬರೋದೇ ಇಲ್ಲ. ಯಾವ ಮಷೀನೂ ಇಷ್ಟು ಚೆನ್ನಾಗಿ ತಪ್ಪು ತೋರಿಸಲ್ಲ. ಮೂಳೆ ಕೂಡಿದೆ, ವೈರ್ ತೆಗೆದಾಗಿದೆ, ಭಾರ ಕೊಡಬಹುದು ಅಂತ ಸರ್ಜನ್ ಹೇಳಿದ ಮೇಲೇ ಇದನ್ನ ಶುರು ಮಾಡಿದ್ದು, ಅದು ಮುಖ್ಯ.

ಮೊದಲ ವಾರಗಳಲ್ಲಿ ತೊಟ್ಟಿಕ್ತಿತ್ತು ಅಷ್ಟೇ. ಆಮೇಲೆ ಸಣ್ಣ ಧಾರೆ. ಚೊಂಬು ತುಂಬೋಕೆ ಅರ್ಧ ಗಂಟೆ ಹಿಡೀತಿದ್ದಿದ್ದು ಎರಡು ತಿಂಗಳಲ್ಲಿ ಎಂಟ್ಹತ್ತು ನಿಮಿಷಕ್ಕೆ ಬಂತು. ಗ್ಲೌಸ್ ಪ್ಯಾಕೆಟ್ 400-500 ರೂಪಾಯಿ, ನೂರು ಬರತ್ತೆ, ಫಿಸಿಯೋಗೆ ಒಂದು ಸಲ ಹೋಗೋ ದುಡ್ಡಿಗಿಂತ ಕಡಿಮೆ. ಬೆಳಿಗ್ಗೆ ಎದ್ದಾಗ ಗಂಟು ಬಿಗಿ ಇರತ್ತೆ, ಬಿಸಿನೀರಲ್ಲಿ ಅದ್ದಿ ಶುರು ಮಾಡ್ತಿದ್ದೆ, ಬಿಸಿ ಎಷ್ಟು ಅಂತ ಯಾವಾಗಲೂ ಬಲಗೈಯಲ್ಲೇ ನೋಡೋದು. ನಡುಬೆರಳಿನ ಗಂಟಿಗೆ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟೋ ಒಂದು ವಿಧಾನ ಮಾಡ್ಕೊಂಡಿದೀನಿ, ಅರ್ಧ ಫಲ ಅದರದ್ದೇ, ಆದ್ರೆ ಬರವಣಿಗೇಲಿ ಹೇಳಲ್ಲ, ತಪ್ಪು ಕಟ್ಟಿದ್ರೆ ರಕ್ತ ನಿಂತು ಬೆರಳು ಹೋಗತ್ತೆ, ಎದುರಿಗೆ ಬಂದವರಿಗೆ ತೋರಿಸ್ತೀನಿ. ಗಾಯದ ಗಂಟಿಗೆ ತಿಕ್ಕೋ ಎಣ್ಣೆನೂ ಅಮ್ಮನ ಗುಟ್ಟು, ಕೊಬ್ಬರಿ ಎಣ್ಣೆ ಮೂಲ ಅಂತ ಮಾತ್ರ ಹೇಳಬಲ್ಲೆ.

ಆಮೇಲೆ ಕೆಂಪಿ. ನಾಲ್ಕು ಕರು ಹಾಕಿದ ಸಾಧು ಹಸು. ಅಮ್ಮ ಮುಕ್ಕಾಲು ಕರೆದು ಕೊನೇದು ನಂಗೆ ಬಿಡೋರು, ನಾನು ಮುಗಿಸಿದ ಮೇಲೆ ಮತ್ತೆ ಅವರು ಕೈ ಹಾಕಿ ಪೂರ್ತಿ ಹಿಂಡೋರು, ಹಾಲು ಉಳಿದ್ರೆ ಕೆಚ್ಚಲು ಬಾವು ಬರತ್ತೆ. ಗ್ಲೌಸಿಗೂ ಹಸುವಿಗೂ ದೊಡ್ಡ ವ್ಯತ್ಯಾಸ ಅಂದ್ರೆ ಬಿಸಿ. ಮೊಲೆಯ ಬೆಚ್ಚಗೆ ಬೆರಳಿಗೆ ತಾಗಿ ಐದು ನಿಮಿಷದಲ್ಲಿ ಗಂಟು ಸಡಿಲ ಆಗೋದು. ತೋರುಬೆರಳ ತುದೀಲಿ ಆ ಬಿಸಿ ಗೊತ್ತಾಗೋಕೆ ಮಾತ್ರ ವರ್ಷ ಹಿಡೀತು, ನರ ಬೆಳೆಯೋದು ದಿನಕ್ಕೆ ಒಂದು ಮಿಲಿಮೀಟರ್‌ನಷ್ಟು ಅಂತಾರೆ. ಗೊತ್ತಾದ ದಿನ ಅಮ್ಮನ್ನ ಕೂಗಿ ಕರೆದೆ.

ಶಕ್ತಿ ಅಳೆಯೋಕೆ ಮನೇಲಿದ್ದ ಹಳೇ ಬಿಪಿ ಮಷೀನು ಬಳಸಿದೆ. ಪಟ್ಟಿ ಸುರುಳಿ ಸುತ್ತಿ 20ಕ್ಕೆ ಗಾಳಿ ತುಂಬಿ ಹಿಂಡಿದ್ರೆ ಮುಳ್ಳು ಎಲ್ಲಿವರೆಗೆ ಏರತ್ತೆ ಅಂತ ಗೋಡೆ ಮೇಲೆ ಬರೀತಿದ್ದೆ, 35ರಿಂದ ಶುರುವಾಗಿ ಈಗ 170 ಹತ್ರ. ಆಸ್ಪತ್ರೆಯ ಡೈನಮೋಮೀಟರಲ್ಲಿ 3-4 ಕೆಜಿ ಇದ್ದಿದ್ದು 19-20 ಆಗಿದೆ, ಬಲಗೈ 38.

ಇಲ್ಲದ ಕಿರುಬೆರಳು ರಾತ್ರಿ ಉರೀತಿತ್ತು. ಮಾತ್ರೆ ಕೊಟ್ರು, ನಿದ್ದೆ ಮಂಪರು ಜಾಸ್ತಿ. ನಮ್ಮ ದೇಶದಲ್ಲೇ ಹುಟ್ಟಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ ಶುರು ಮಾಡಿದ ಕನ್ನಡಿ ವಿಧಾನ ಮಾಡಿದೆ, ಕನ್ನಡಿ ನಡುವೆ ನಿಲ್ಲಿಸಿ ಬಲಗೈ ಪ್ರತಿಬಿಂಬವನ್ನೇ ಎಡಗೈ ಅಂತ ನೋಡ್ತಾ ಆಡಿಸೋದು. ನಂಗೆ ಅರ್ಧಕ್ಕರ್ಧ ಕಡಿಮೆ ಆಯ್ತು. ಸದ್ದಿನ ಹೆದರಿಕೆ ಹೋಗೋಕೆ ಇನ್ನೂ ತಡ ಆಯ್ತು. ಎಲ್ಲೋ ಗುಡ್ಡದಾಚೆ ಮಂಗ ಓಡಿಸೋಕೆ ಈಡು ಹಾರಿಸಿದ್ರೂ ಮೈ ಬೆವರೋದು. 2023ರ ಎಲೆಕ್ಷನ್ ಟೈಮಲ್ಲಿ ಊರ ಕೋವಿಗಳೆಲ್ಲ ಠಾಣೆಗೆ ಡಿಪಾಸಿಟ್ ಆದಾಗ ಸರಿಯಾಗಿ ನಿದ್ದೆ ಮಾಡಿದೆ, ಆಗಲೇ ಸದ್ದಿಂದೇ ತೊಂದ್ರೆ ಅಂತ ಖಾತ್ರಿ ಆಗಿದ್ದು. 14416ಕ್ಕೆ ಫೋನ್ ಮಾಡಿದೆ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ನಾಚಿಕೆ ಪಡೋದೇನೂ ಇಲ್ಲ ಇದರಲ್ಲಿ.

ಒಳಗಿರೋ ಚರೆ ತೆಗೆಸಿಲ್ಲ. ಕೀಲಿನೊಳಗೆ ಇದ್ದ ಒಂದನ್ನ ತೆಗೆದ್ರು, ಕೀಲಿನ ದ್ರವದಲ್ಲಿ ಸೀಸ ಕರಗಿ ರಕ್ತಕ್ಕೆ ಸೇರತ್ತೆ, ಮಾಂಸದಲ್ಲಿರೋದು ಸುಮ್ನಿರತ್ತೆ ಅಂದ್ರು. ಅಮೆರಿಕದ ಸೈಕಲ್ ಸವಾರ ಗ್ರೆಗ್ ಲೆಮಾಂಡ್ 1987ರಲ್ಲಿ ಬೇಟೇಲಿ ಈಡು ತಿಂದು 30ಕ್ಕೂ ಹೆಚ್ಚು ಚರೆ ಮೈಯಲ್ಲಿಟ್ಕೊಂಡೇ 1989ರ ಟೂರ್ ಡಿ ಫ್ರಾನ್ಸ್ 8 ಸೆಕೆಂಡಲ್ಲಿ ಗೆದ್ದ, ಆ ಕತೆ ಹೇಳಿದ್ದೂ ಸರ್ಜನ್ನೇ. ವರ್ಷಕ್ಕೊಂದು ಸಲ ರಕ್ತದ ಸೀಸ ಪರೀಕ್ಷೆ ಮಾಡಿಸ್ತೀನಿ, ಸಾವಿರದೈನೂರರ ಹತ್ರ, ಇದುವರೆಗೆ ಏರಿಲ್ಲ. ಎಂಆರ್‌ಐ ಅಂದಾಗ ಚರೆ ಇದೆ ಅಂತ ಮೊದಲೇ ಹೇಳಿ, ಎಕ್ಸ್‌ರೇ ಕಾಪಿ ಕೈಲಿರಲಿ, ಉಕ್ಕಿನ ಚರೆ ಆದ್ರೆ ಅಪಾಯ.

ನಡುಬೆರಳು ಇನ್ನೂ ಪೂರ್ತಿ ಮಡಚಲ್ಲ, ಸ್ನಾಯುರಜ್ಜು ಗಾಯಕ್ಕೆ ಅಂಟಿದೆ, ಬಿಡಿಸಿದ್ರೆ ಇನ್ನೊಂದು ಇಪ್ಪತ್ತು ಡಿಗ್ರಿ ಸಿಗಬಹುದು ಅಂತಾರೆ. ಅರವತ್ತು ಎಪ್ಪತ್ತು ಸಾವಿರ. ಕೊನೇ ಕೊಯ್ಲು ಮುಗಿದು ಅಡಿಕೆ ಮಾರಿದ ಮೇಲೆ ಮಾಡಿಸ್ತೀನಿ, ಗ್ಲೌಸ್ ಒಂದು ಪ್ಯಾಕೆಟ್ ಈಗಲೇ ತಂದಿಟ್ಟಿದೀನಿ.