ಸೂಚೀ, ಸೂತ್ರಮ್, ಸ್ಯೂತಃ: ಹೊಲಿಗೆ ಮೆಷಿನ್ ಪಕ್ಕದಲ್ಲಿ ಕಲಿತ ಸಂಸ್ಕೃತ

ಶಿವಮೊಗ್ಗದ ದುರ್ಗಿಗುಡಿಯ ಒಂದು ಅಡ್ಡರಸ್ತೆಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಬ್ಲೌಸು, ಚೂಡಿದಾರ್, ಸೀರೆಗೆ ಫಾಲ್, ಜಿಗ್‌ಜಾಗ್. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಆ ಅಂಗಡಿಯಲ್ಲಿ ಈಗ ದಿನಾ ಒಂದಿಷ್ಟು ಮಾತು ಸಂಸ್ಕೃತದಲ್ಲಿ ನಡೆಯುತ್ತದೆ. ಪೂಜೆಗಲ್ಲ, ಪರೀಕ್ಷೆಗಲ್ಲ. ಸೂಜಿ ಮುರಿದಾಗ, ಕರೆಂಟ್ ಹೋದಾಗ, ಟೀ ಬಂದಾಗ. ಇದು ಹೇಗಾಯಿತು ಅಂತ ಬಂದವರೆಲ್ಲ ಕೇಳುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾದದ್ದು ಮಗಳಿಂದ. ಅವಳು ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಭಾಷೆಯಾಗಿ ಸಂಸ್ಕೃತ ತಗೊಂಡಿದ್ದಳು. ನಮ್ಮ ಮನೆಯಲ್ಲಿ ಇದಕ್ಕೆ ಮೊದಲೇ ಜಗಳ ಆಗಿತ್ತು. ನಮ್ಮಪ್ಪ ಬಸ್ ಡ್ರೈವರ್ ಆಗಿದ್ದವರು. 1982ರಲ್ಲಿ ಗೋಕಾಕ್ ಚಳವಳಿ ನಡೆದಾಗ ಮೆರವಣಿಗೆಯಲ್ಲಿ ಹೆಜ್ಜೆ ಹಾಕಿದವರು. ಶಾಲೆಯಲ್ಲಿ ಮೊದಲ ಭಾಷೆಯ ಜಾಗ ಕನ್ನಡಕ್ಕೋ ಸಂಸ್ಕೃತಕ್ಕೋ ಅನ್ನುವುದೇ ಆಗಿನ ಪ್ರಶ್ನೆ. "ಅಂಕ ಜಾಸ್ತಿ ಬರುತ್ತೆ ಅಂತ ಕನ್ನಡ ಬಿಡ್ತೀರಾ?" ಅಂತ ಕೇಳಿ, ಮೊಮ್ಮಗಳ ಹತ್ತಿರ ಎರಡು ದಿನ ಮಾತು ಬಿಟ್ಟಿದ್ದರು.

ಅಂಕವೇನೋ ಬಂತು. 125ಕ್ಕೆ 121. ಸ್ವೀಟ್ ತಂದು ಹಂಚಿದೆವು. ಅವತ್ತು ಸಂಜೆ ಸುಮ್ನೆ ಕೇಳಿದೆ, "ಪುಟ್ಟೀ, ನಂಗೆ ಕುಡಿಯೋಕೆ ನೀರು ಬೇಕು ಅಂತ ಸಂಸ್ಕೃತದಲ್ಲಿ ಹೇಳು ನೋಡೋಣ." ಅವಳು "ಜಲಂ..." ಅಂದು ನಿಂತುಬಿಟ್ಟಳು. ರಾಮಃ ರಾಮೌ ರಾಮಾಃ ಒಂದೇ ಉಸಿರಿಗೆ ಹೇಳುವ ಹುಡುಗಿ, ನೀರು ಕೇಳಲು ಬಾರದೆ ನನ್ನ ಮುಖ ನೋಡಿದಳು. ಕಣ್ಣಲ್ಲಿ ನೀರು ಬಂತು. ಅವಳ ತಪ್ಪೇನಿಲ್ಲ. ಅನೇಕ ಪ್ರಶ್ನೆಗಳಿಗೆ ಉತ್ತರವನ್ನು ಕನ್ನಡದಲ್ಲೇ ಬರೆಯಬಹುದಿತ್ತು. ಮೂರು ವರ್ಷ ಕಲಿತ ಭಾಷೆಯಲ್ಲಿ ಒಂದು ಮಾತಾದರೂ ಬಾಯಿಂದ ಆಡಿಸಿದವರು ಯಾರೂ ಇರಲಿಲ್ಲ.

ಆ ರಜೆಯಲ್ಲೇ ಊರಲ್ಲಿ ಸಂಸ್ಕೃತ ಸಂಭಾಷಣೆ ಶಿಬಿರ ಇತ್ತು. ಹತ್ತು ದಿನ, ದಿನಕ್ಕೆ ಎರಡು ಗಂಟೆ. ಅವಳೊಬ್ಬಳನ್ನೇ ಕಳಿಸುವ ಬದಲು ನಾನೂ ಹೋದೆ. ನಾನು ಓದಿದ್ದು ಕನ್ನಡ ಶಾಲೆಯಲ್ಲಿ, ಹತ್ತನೇ ಕ್ಲಾಸಿನವರೆಗೆ. ಸಂಸ್ಕೃತ ಅಂದರೆ ನನಗೆ ಗೊತ್ತಿದ್ದದ್ದು ಬೆಳಿಗ್ಗೆ 6.55ಕ್ಕೆ ರೇಡಿಯೋದಲ್ಲಿ ಬರುತ್ತಿದ್ದ ಐದು ನಿಮಿಷದ ವಾರ್ತೆ ಮಾತ್ರ. 1974ರಲ್ಲಿ ಶುರುವಾದ ಆ ವಾರ್ತೆಯ "ಇಯಮ್ ಆಕಾಶವಾಣೀ" ಕೇಳದೆ ಬೆಳೆದವರು ನಮ್ಮ ಕಾಲದಲ್ಲಿ ಯಾರಿದ್ದಾರೆ? ಅಪ್ಪ ಅದೇ ಹೊತ್ತಿಗೆ ಗಡ್ಡ ಕೆರೆದುಕೊಳ್ಳುತ್ತಿದ್ದರು. ಅರ್ಥ ಒಂದೂ ಆಗುತ್ತಿರಲಿಲ್ಲ.

ಶಿಬಿರದ ಮೇಷ್ಟ್ರು ಮೊದಲ ದಿನವೇ ಕನ್ನಡ ಬಿಟ್ಟರು. ವಸ್ತು ತೋರಿಸುವುದು, ಹೆಸರು ಹೇಳುವುದು, ನಮ್ಮಿಂದ ಹೇಳಿಸುವುದು. ಆವಶ್ಯಕಮ್, ಮಾಸ್ತು, ಪರ್ಯಾಪ್ತಮ್. ಬೇಕು, ಬೇಡ, ಸಾಕು. ಈ ಮೂರು ಮಾತಲ್ಲೇ ಒಂದು ಊಟ ಮುಗಿಸಬಹುದು. ವ್ಯಾಕರಣದ ಕಷ್ಟಗಳಿಗೂ ಒಳದಾರಿ ಇದ್ದವು. 'ನೀನು' ಅನ್ನುವುದಕ್ಕೆ ಬೇರೆ ಕ್ರಿಯಾಪದ ಕಲಿಯುವ ಬದಲು ಭವಾನ್, ಭವತೀ ಅನ್ನಿ, 'ಅವನು' 'ಅವಳು'ಗೆ ಬಳಸುವ ಕ್ರಿಯಾಪದವೇ ಸಾಕು. ನಮ್ಮ 'ತಾವು' ಇದ್ದಂತೆ, ಮರ್ಯಾದೆಯೂ ಆಯಿತು. ದ್ವಿವಚನ ತಪ್ಪಿಸಿಕೊಳ್ಳಲು 'ದ್ವಯಮ್' ಸೇರಿಸಿ. ಎರಡು ಸೂಜಿ ಅಂದರೆ ಸೂಚೀದ್ವಯಮ್. ಭೂತಕಾಲಕ್ಕೆ ಗತವಾನ್, ಗತವತೀ, ಅಂದರೆ ಹೋದನು, ಹೋದಳು. ಪಂಡಿತರು ಇದನ್ನು ಅರೆಬರೆ ಅಂದಾರು. ಆದರೆ ಮಾತು ಶುರುವಾಗಬೇಕಾದರೆ ಮೊದಲು ಬಾಗಿಲು ತೆರೆಯಬೇಕು, ಕೋಣೆಗಳನ್ನು ಆಮೇಲೆ ನೋಡಬಹುದು.

ವಿಭಕ್ತಿ ನಮಗೆ ಕಷ್ಟವೇ ಅಲ್ಲ. 'ಇಂದ', 'ಗೆ', 'ಅಲ್ಲಿ' ಅಂತ ನಾವೂ ಹೆಸರಿನ ಬಾಲಕ್ಕೆ ಸೇರಿಸಿಯೇ ಮಾತಾಡುವವರು.

ನನಗೆ ನಿಜವಾಗಿ ಕಷ್ಟ ಆದದ್ದು ಲಿಂಗ. ಕನ್ನಡದಲ್ಲಿ ಸೂಜಿ, ದಾರ, ಚೀಲ ಎಲ್ಲವೂ 'ಅದು'. ಸಂಸ್ಕೃತದಲ್ಲಿ ಹಾಗಲ್ಲ. ಸೂಜಿ 'ಅವಳು', ದಾರ 'ಅದು', ಚೀಲ 'ಅವನು'. ಸೂಜಿ ಮುರಿದರೆ "ಸೂಚೀ ಭಗ್ನಾ". ದಾರ ತುಂಡಾದರೆ "ಸೂತ್ರಂ ಛಿನ್ನಮ್". ಚೀಲ ತುಂಬಿದರೆ "ಸ್ಯೂತಃ ಪೂರ್ಣಃ". ತಲೆಯಲ್ಲಿ ಉಳಿಯಲೇ ಇಲ್ಲ. ಕೊನೆಗೆ ನನ್ನ ಕೈಗೆ ಗೊತ್ತಿರುವ ದಾರಿಯಲ್ಲೇ ಹೋದೆ. ರಟ್ಟಿನ ಸಣ್ಣ ಚೀಟಿ ಮಾಡಿ, ಕನ್ನಡ ಅಕ್ಷರದಲ್ಲೇ ಸಂಸ್ಕೃತದ ಹೆಸರು ಬರೆದು, ಆಯಾ ವಸ್ತುವಿಗೆ ಉಳಿದ ದಾರದಿಂದ ಕಟ್ಟಿದೆ. 'ಅವಳು' ಆದರೆ ಕೆಂಪು ದಾರ. 'ಅವನು' ಆದರೆ ನೀಲಿ. 'ಅದು' ಆದರೆ ಬಿಳಿ. ಕತ್ತರಿಗೆ ಕೆಂಪು, ಅದು ಕರ್ತರೀ. ಫ್ಯಾನಿನ ಸ್ವಿಚ್ಚಿಗೆ ಬಿಳಿ, ಫ್ಯಾನ್ ಅಂದರೆ ವ್ಯಜನಮ್. ಟೀ ಲೋಟಕ್ಕೆ ನೀಲಿ, ಚಷಕಃ. ಕತ್ತರಿ ಎತ್ತಿದಾಗಲೆಲ್ಲ ಕೆಂಪು ಎಳೆ ಕೈಗೆ ತಾಗುತ್ತದೆ. ಎರಡು ತಿಂಗಳಲ್ಲಿ ಚೀಟಿ ನೋಡುವುದು ಬಿಟ್ಟುಹೋಯಿತು. ಸಂಸ್ಕೃತ ಕಲಿಯಲು ಬೇರೆ ಲಿಪಿ ಬೇಕು ಅಂತ ಹೆದರುವವರಿಗೆ ಒಂದು ಮಾತು. ಕನ್ನಡದ ಅಕ್ಷರಮಾಲೆಯಲ್ಲಿ ಅದರ ಎಲ್ಲ ಧ್ವನಿಗೂ ಜಾಗ ಇದೆ, ಬೇರೇನೂ ಬೇಡ.

ಸೂಚೀ ಮತ್ತು ಸೂಜಿ, ಕರ್ತರೀ ಮತ್ತು ಕತ್ತರಿ, ಇವೆಲ್ಲ ನೆಂಟರು ಅಂತ ಮೊದಲ ವಾರವೇ ಗೊತ್ತಾಯಿತು. ಆದರೆ 'ಸ್ಯೂತಃ' ನನ್ನನ್ನು ಹಿಡಿದು ನಿಲ್ಲಿಸಿದ ಪದ. ಅದರ ಮೂಲ ಅರ್ಥ 'ಹೊಲಿದದ್ದು'. ಹೊಲಿದದ್ದೇ ಚೀಲ. ಸೂತ್ರ ಅನ್ನುವುದನ್ನೂ ಅದೇ ಹೊಲಿಯುವ ಧಾತುವಿಗೆ ಜೋಡಿಸುತ್ತಾರೆ. ಪಾಣಿನಿ ಸಂಸ್ಕೃತ ವ್ಯಾಕರಣವನ್ನು ಸೂತ್ರಗಳಲ್ಲಿ, ಅಂದರೆ ಚಿಕ್ಕ ಚಿಕ್ಕ ನಿಯಮಗಳಲ್ಲಿ, ಬರೆದ ಅಂತ ಕೇಳಿದ್ದೆ. ಆ ಸೂತ್ರಕ್ಕೂ ನನ್ನ ಬಾಬಿನ್ನಿನ ದಾರಕ್ಕೂ ಒಂದೇ ಹೆಸರು ಅಂತ ತಿಳಿದ ದಿನ, ಮೆಷಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆಮೇಲೆ ಅಮರಕೋಶ ತಂದೆ, ಸಂಸ್ಕೃತದ ಹಳೆಯ ನಿಘಂಟು, ಕನ್ನಡ ಲಿಪಿಯದು. ನನ್ನ ಕೆಲಸದ ಹೆಸರು ಹುಡುಕಿದೆ. "ತುನ್ನವಾಯಸ್ತು ಸೌಚಿಕಃ" ಅಂತ ಸಿಕ್ಕಿತು. ತುನ್ನವಾಯ, ಸೌಚಿಕ, ಎರಡೂ ದರ್ಜಿಯೇ. ಖುಷಿಯಾಯಿತು. ಮೇಲೆ ವರ್ಗದ ಹೆಸರು ನೋಡಿದೆ, ಶೂದ್ರವರ್ಗ. ನೇಕಾರ, ಕುಂಬಾರ, ಕಮ್ಮಾರ, ಅಕ್ಕಸಾಲಿ, ನಾನು, ಎಲ್ಲರೂ ಅಲ್ಲೇ. ಪುಸ್ತಕ ಮುಚ್ಚಿಟ್ಟೆ. ಒಂದು ವಾರ ತೆಗೆಯಲಿಲ್ಲ. ಹೊಟ್ಟೆಯೊಳಗೆ ಉರಿಯುತ್ತಿತ್ತು.

ಮೇಷ್ಟ್ರನ್ನೇ ಕೇಳಿದೆ. ಅವರು ಸಬೂಬು ಹೇಳಲಿಲ್ಲ. "ಆ ಕಾಲದ ಸಮಾಜ ಹಾಗೆ ವಿಂಗಡಿಸಿತ್ತು. ಅದು ತಪ್ಪೇ. ಆದರೆ ಯೋಚನೆ ಮಾಡಿ. ಸೂಚೀ, ಕರ್ತರೀ ಅನ್ನೋ ಪದಗಳನ್ನ ದಿನಾ ಆಡಿ ಬೆಳೆಸಿದವರು ಯಾರು? ಅದನ್ನ ಕೈಯಲ್ಲಿ ಹಿಡಿದವರೇ ಅಲ್ವಾ?" ಅಂದರು. ಉರಿ ಪೂರ್ತಿ ಆರಿತು ಅಂತ ಹೇಳಲಾರೆ. ಆದರೆ ಪುಸ್ತಕ ಮತ್ತೆ ತೆರೆದೆ. ಆ ಪದಗಳನ್ನು ಬೇರೆಯವರಿಂದ ಕೇಳಿ ಪಡೆಯಬೇಕಿಲ್ಲ, ಅವು ನನ್ನವೇ ಅನ್ನುವ ಧೈರ್ಯ ಅಲ್ಲಿಂದ ಬಂತು.

ಅಂಗಡಿಯಲ್ಲಿ ನನ್ನ ಜೊತೆ ಇನ್ನೊಬ್ಬಳು ಇದ್ದಾಳೆ, ಹುಕ್ಕು ಕಾಜ ಮಾಡಲು ಬರುವ ಹುಡುಗಿ. ಮನೆಮಾತು ಉರ್ದು. ನಾನು ಒಬ್ಬಳೇ ಗೊಣಗುವುದು ಕೇಳಿ ಕೇಳಿ ಅವಳೂ ಶುರು ಮಾಡಿದಳು. ನನಗೆ ಮಹಾಪ್ರಾಣ ಬರುತ್ತಿರಲಿಲ್ಲ. 'ಭಗ್ನಾ' ಅಂದರೆ 'ಬಗ್ನಾ' ಆಗುತ್ತಿತ್ತು. ತುಟಿಯ ಮುಂದೆ ಲೈನಿಂಗ್ ಬಟ್ಟೆಯ ಸಣ್ಣ ತುಂಡು ಹಿಡಿದು ಹೇಳಿ, 'ಭ' ಅಂದಾಗ ಬಟ್ಟೆ ಅಲ್ಲಾಡಬೇಕು ಅಂತ ಮೇಷ್ಟ್ರು ಕಲಿಸಿದ್ದರು. ನನ್ನ ಬಟ್ಟೆ ಅಲ್ಲಾಡಲು ಹತ್ತು ದಿನ ಬೇಕಾಯಿತು. ಅವಳದು ಮೊದಲ ಸಲಕ್ಕೇ ಹಾರಿತು. ಉರ್ದುವಿನಲ್ಲಿ ಭ, ಧ, ಘ ದಿನಾ ಆಡುವ ಬಾಯಿ ಅದು.

ಅಳತೆಯ ವಿಷಯದಲ್ಲಿ ಅವಳೇ ನನಗೆ ಗುರು. ಸಂಸ್ಕೃತದಲ್ಲಿ ಅರ್ಧ ಸೇರಿದರೆ 'ಸಾರ್ಧ', ಕಾಲು ಸೇರಿದರೆ 'ಸಪಾದ', ಕಾಲು ಕಮ್ಮಿಯಾದರೆ 'ಪಾದೋನ'. ಒಂದು ಬ್ಲೌಸಿನ ಉದ್ದ ಹದಿನಾಲ್ಕು ಮುಕ್ಕಾಲು. ನಾನು ಬೆರಳು ಎಣಿಸಿ "ಪಾದೋನಪಂಚದಶ" ಅಂದೆ. ಕಾಲು ಕಮ್ಮಿ ಹದಿನೈದು. ಅವಳು ಕಾಜ ನಿಲ್ಲಿಸಿ ತಲೆಯೆತ್ತಿದಳು. "ಅಕ್ಕಾ, ನಮ್ಮಮ್ಮ ಪೌನೇ ಪಂದ್ರಾ ಅಂತಾರೆ. ಅದೇ ಅಲ್ವಾ ಇದು?" ಅದೇ! ಪಾದೋನ ಸವೆದು ಪೌನೇ ಆಗಿದೆ. ಪಂಚದಶ ಸವೆದು ಪಂದ್ರಾ. ಸಪಾದ ಸವಾ, ಸಾರ್ಧ ಸಾಢೇ. ಅವತ್ತು ಇಬ್ಬರೂ ಟೇಪ್ ಹಿಡಿದು ಅಂಗಡಿಯಲ್ಲಿದ್ದ ಬಟ್ಟೆ, ಮೇಜು, ಬಾಗಿಲು ಎಲ್ಲ ಅಳೆದೆವು.

ಅದೇ ಅಳತೆಯಲ್ಲಿ ಒಂದು ಸಲ ಪೆಟ್ಟೂ ತಿಂದೆವು. ಎದೆ ಸುತ್ತಳತೆ ನಾನು "ಷಟ್ತ್ರಿಂಶತ್" ಅಂದೆ, 36. ಅವಳಿಗೆ "ಚತುಸ್ತ್ರಿಂಶತ್" ಅಂತ ಕೇಳಿಸಿತು, 34 ಬರೆದಳು. ಮದುವೆ ಮನೆಯ ಬ್ಲೌಸು. ಒಳಗೆ ಬಟ್ಟೆ ಬಿಟ್ಟಿದ್ದರಿಂದ ರಾತ್ರಿ ಕೂತು ಬಿಚ್ಚಿ ಸರಿ ಮಾಡಿದೆ. ಗಿರಾಕಿಯ ಹತ್ತಿರ ಕ್ಷಮೆ ಕೇಳಿ ಹೊಲಿಗೆ ದುಡ್ಡು ಬಿಟ್ಟೆ. ಅವತ್ತಿನಿಂದ ಒಂದು ನಿಯಮ. ಪುಸ್ತಕದಲ್ಲಿ ಅಳತೆ ಬರೆಯುವಾಗ ಕನ್ನಡ ಮತ್ತು ಅಂಕಿ ಮಾತ್ರ. ಸಂಸ್ಕೃತ ಏನಿದ್ದರೂ ಬರೆದಾದ ಮೇಲೆ, ಬಾಯಲ್ಲಿ. ಬೇರೆಯವರ ದುಡ್ಡು ಮತ್ತು ಸಮಯದ ಮೇಲೆ ನಮ್ಮ ಕಲಿಕೆ ಸವಾರಿ ಮಾಡಬಾರದು.

ಪರಿಚಿತ ಪದಗಳೂ ಕಾಲೆಳೆಯುತ್ತವೆ. ಗಿರಾಕಿಗಳು ಬಂದ ಕೂಡಲೇ ಹೇಳುವ ಮಾತು "ಸ್ವಲ್ಪ ಅವಸರ ಇದೆ". ಸಂಸ್ಕೃತದಲ್ಲಿ 'ಅವಸರ' ಅಂದರೆ ಸಂದರ್ಭ, ಅವಕಾಶ. ನಮ್ಮ ಅವಸರಕ್ಕೆ ಅಲ್ಲಿ 'ತ್ವರಾ' ಅನ್ನಬೇಕು. 'ಶಿಕ್ಷಾ' ಅಂದರೆ ಕಲಿಕೆ, ನಮಗೆ ಶಿಕ್ಷೆ ಅಂದರೆ ದಂಡ. 'ಅನುಮಾನ' ಅಲ್ಲಿ ಹೊಗೆ ನೋಡಿ ಬೆಂಕಿ ಇದೆ ಅಂತ ತಿಳಿಯುವುದು, ಇಲ್ಲಿ ಸಂಶಯ. ಈ ಪದಗಳು ನಮ್ಮ ಮನೆಗೆ ಸೊಸೆಯಾಗಿ ಬಂದು ನಮ್ಮ ಊಟಕ್ಕೆ ಹೊಂದಿಕೊಂಡಿವೆ. ಅವನ್ನು ತವರಿನ ಅರ್ಥಕ್ಕೇ ಎಳೆಯಬಾರದು. ಕನ್ನಡ ಆಡುವಾಗ ಕನ್ನಡದ ಅರ್ಥವೇ ಸರಿ. ಇದನ್ನು ಹೇಳುತ್ತಿರುವುದಕ್ಕೆ ಕಾರಣ ಇದೆ. ನಾಲ್ಕು ಮಾತು ಸಂಸ್ಕೃತ ಬಂದ ಕೂಡಲೇ ಬೇರೆಯವರ ಕನ್ನಡ ತಿದ್ದಲು ಹೊರಡುವವರನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಎರಡೂ ಭಾಷೆಗೆ ನಷ್ಟ.

ಎಲ್ಲದಕ್ಕೂ ಹೊಸ ಸಂಸ್ಕೃತ ಪದ ಕಟ್ಟುವುದೂ ನನಗೆ ಒಗ್ಗಲಿಲ್ಲ. ಕಂಪ್ಯೂಟರಿಗೆ ಸಂಗಣಕಮ್, ಫ್ರಿಜ್ಜಿಗೆ ಶೀತಕಮ್ ಚೆನ್ನಾಗಿವೆ, ಬಳಸುತ್ತೇನೆ. ಆದರೆ ಫಾಲ್‌ಗೆ ಫಾಲ್, ಹುಕ್ಕಿಗೆ ಹುಕ್ಕು. ಕೈಗೆ ಬಂದ ಹೆಸರನ್ನು ಕಿತ್ತು ಬೇರೆ ಅಂಟಿಸಿದರೆ ಮಾತು ನಿಂತುಹೋಗುತ್ತದೆ.

ಸಂಸ್ಕೃತ ಮಾತಾಡುವ ಊರು ಅಂತ ಹೆಸರಾದ ಮತ್ತೂರಿಗೂ ಒಂದು ಭಾನುವಾರ ಮಗಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿದ್ದೆ. ಇಲ್ಲಿಂದ ಎಂಟು ಕಿಲೋಮೀಟರ್ ಆಸುಪಾಸು, ತುಂಗಾ ದಡದಲ್ಲಿ ಅಡಿಕೆ ತೋಟಗಳ ನಡುವೆ. ಹೊಳೆಯಾಚೆ ಹೊಸಹಳ್ಳಿ, ಗಮಕಕ್ಕೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಗೆ, ಹೆಸರಾದ ಊರು. ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಮತ್ತೂರಿನಲ್ಲಿ ಮಾತಿನ ಸಂಸ್ಕೃತ ಬೇರೂರಿದ್ದು 1980ರ ದಶಕದ ಆರಂಭದಲ್ಲಿ, ನಾವು ಕಲಿತಂಥದ್ದೇ ಹತ್ತು ದಿನದ ಶಿಬಿರದಿಂದ. ಊರಿಡೀ ಹಗಲೂ ರಾತ್ರಿ ಸಂಸ್ಕೃತವೇ ಅಂತ ಹೊರಗಿನವರು ಬರೆಯುತ್ತಾರೆ. ನಾವು ಕಂಡದ್ದು ಹಾಗಿರಲಿಲ್ಲ. ಮನೆಯೊಳಗೆ ಅವರ ಮನೆಮಾತು ಸಂಕೇತಿ, ಅಂಗಡಿಯಲ್ಲಿ ಕನ್ನಡ, ನಡುವೆ ಸಂಸ್ಕೃತ. ನನಗೆ ಅದೇ ಹೆಚ್ಚು ಇಷ್ಟವಾಯಿತು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿಯೊಬ್ಬರು ನಾವು ತಡವರಿಸುವುದು ಕೇಳಿ "ಭವತೀ ಕುತಃ ಆಗತವತೀ?" ಅಂದರು, ತಾವು ಎಲ್ಲಿಂದ ಬಂದಿರಿ ಅಂತ. "ನಗರತಃ" ಅಂದೆ, ಪೇಟೆಯಿಂದ. ಅವರ ಕೈ ಸುಲಿಯುವುದನ್ನು ನಿಲ್ಲಿಸಲಿಲ್ಲ. ಮಗಳಿಗೆ ಒಂದು ಲೋಟ ಮಜ್ಜಿಗೆ ಬಂತು. "ತಕ್ರಮ್, ಪಿಬತು." ಅವಳು ಕುಡಿದು, ಲೋಟ ಮುಂದೆ ಹಿಡಿದು, "ಇತೋऽಪಿ ಆವಶ್ಯಕಮ್" ಅಂದಳು. ಇನ್ನೂ ಬೇಕು. ನೀರು ಕೇಳಲು ಬಾರದೆ ಅತ್ತವಳು.

2011ರ ಜನಗಣತಿಯಲ್ಲಿ ಸಂಸ್ಕೃತ ತಾಯ್ನುಡಿ ಅಂತ ಬರೆಸಿದವರು ಇಡೀ ದೇಶದಲ್ಲಿ 24,821 ಜನ. ನಾನು ಆ ಲೆಕ್ಕಕ್ಕೆ ಸೇರುವವಳಲ್ಲ. ಯಾರು ಬಂದು ಕೇಳಿದರೂ ಕನ್ನಡ ಅಂತಲೇ ಬರೆಸುತ್ತೇನೆ. ಅಪ್ಪನಿಗೂ ಇದನ್ನೇ ಹೇಳಿದ್ದೆ. ಅವರು ಒಂದು ದಿನ ಅಂಗಡಿಗೆ ಬಂದು, "ಡ್ರೈವರಿಗೆ ಏನಂತಾರೆ ನಿಮ್ಮ ಸಂಸ್ಕೃತದಲ್ಲಿ?" ಅಂದರು. "ಚಾಲಕಃ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮೂವತ್ತು ವರ್ಷ ಅವರ ಕಾಗದಪತ್ರದಲ್ಲೆಲ್ಲ ಇದ್ದ ಪದ. "ಹಾಗಾದ್ರೆ ನಾನು ಮೊದಲಿಂದಲೂ ಆಡ್ತಾನೇ ಇದ್ದೆ" ಅಂದರು.

ಈಗ ಮಳೆಗಾಲ. ದಿನಕ್ಕೆ ಮೂರು ಸಲ ಕರೆಂಟ್ ಹೋಗುತ್ತದೆ. ಹುಕ್ಕಿನ ಹುಡುಗಿ "ವಿದ್ಯುತ್ ಗತಾ" ಅನ್ನುತ್ತಾಳೆ, ನಾನು ಕಾಲಿನ ಮೆಷಿನ್‌ಗೆ ಕೂರುತ್ತೇನೆ. ಮಗಳು ಬೆಂಗಳೂರಿನ ಹಾಸ್ಟೆಲಿನಿಂದ ರಾತ್ರಿ ಫೋನ್ ಮಾಡಿದಾಗ ಮೊದಲ ಐದು ನಿಮಿಷ ಸಂಸ್ಕೃತ, ಆಮೇಲೆ ಊಟ ತಿಂಡಿಯ ವಿಷಯ ಕನ್ನಡದಲ್ಲಿ. ಅಪ್ಪನಿಗೆ ಮೊಬೈಲಿನಲ್ಲಿ ಸಂಸ್ಕೃತ ವಾರ್ತೆ ಹಾಕಿಕೊಡುತ್ತೇನೆ. ಈಗಲೂ ಗಡ್ಡ ಕೆರೆದುಕೊಳ್ಳುತ್ತಲೇ ಕೇಳುತ್ತಾರೆ. ಮೊನ್ನೆ ವಾರ್ತೆ ಮುಗಿದ ಮೇಲೆ, "ಏನಂತೆ?" ಅಂದರು.

"ವೃಷ್ಟಿಃ ಅಂತೆ ಅಪ್ಪ. ಜೋರು ಮಳೆ."

ಅವರು ಕನ್ನಡಿಯಿಂದ ಮುಖ ತಿರುಗಿಸಿ ಕಿಟಕಿಯ ಹೊರಗೆ ನೋಡಿದರು. "ಅದು ಕಾಣ್ತಾ ಇದೆ. ಬೇರೆ ಏನಂದ ಹೇಳು."